ಮೂರಕ್ಷರದ ಪಿತ್ರಾರ್ಜಿತ

ಅಮೆರಿಕದ ನ್ಯೂಯಾರ್ಕ್ ನಗರದ ಪೂರ್ವಕ್ಕೆ ಸಮುದ್ರದೊಳಗೆ ಚಾಚಿಕೊಂಡಿರುವ ಉದ್ದನೆಯ ದ್ವೀಪವೊಂದುಂಟು. ಅದರ ಹೆಸರೇ ಲಾಂಗ್ ಐಲೆಂಡ್. ಆ ದ್ವೀಪದ ಕೊನೆಯ ಭಾಗದಲ್ಲಿರುವ ಈಸ್ಟ್ ಹ್ಯಾಂಪ್ಟನ್ ಎಂಬ ಊರಿನಲ್ಲಿ, ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ, ತಂದೆಯ ತರುವಾಯ ಮಗನೆಂಬಂತೆ ಒಂದೇ ಮನೆತನದವರು ವೈದ್ಯವೃತ್ತಿಯನ್ನು ನಡೆಸಿಕೊಂಡು ಬರುತ್ತಿದ್ದರು. ಆ ಮನೆಯ ಮೂರನೆಯ ತಲೆಮಾರಿನ ಹುಡುಗ ಜಾರ್ಜ್ ಹಂಟಿಂಗ್‌ಟನ್. ತಂದೆ ರೋಗಿಗಳನ್ನು ನೋಡಲು ಹೊರಟಾಗ ಅವನೂ ಒಮ್ಮೊಮ್ಮೆ ಜೊತೆಗೆ ಹೋಗುತ್ತಿದ್ದ. ಹೀಗೆ ಒಂದು ದಿನ ಕಾಡಿನ ನಡುವಣ ಹಾದಿಯಲ್ಲಿ ಸಾಗುತ್ತಿದ್ದಾಗ ಇಬ್ಬರು ಹೆಂಗಸರು ಎದುರಾದರು. ತಾಯಿ ಮತ್ತು ಮಗಳು. ಇಬ್ಬರೂ ಎತ್ತರದ ಆಳುಗಳು. ಇಬ್ಬರ ಮೈಯಲ್ಲಿಯೂ ಮೂಳೆ ಚರ್ಮಗಳ ಹೊರತು ಮತ್ತೇನೂ ಉಳಿದಂತಿರಲಿಲ್ಲ. ಇಬ್ಬರೂ ಬಾಗುತ್ತ, ಬಳುಕುತ್ತ, ಮುಖವನ್ನು ಸೊಟ್ಟ ಮಾಡುತ್ತ, ಯಾರೋ ಕಾಣದ ಸೂತ್ರವನ್ನು ಹಿಡಿದು ಎಳೆಯುತ್ತಿರುವರೋ ಎಂಬಂತೆ ನಡೆದು ಬರುತ್ತಿದ್ದರು. ಹುಡುಗ ಬೆರಗಾದ, ಹೆದರಿದನೆಂದರೂ ಸಲ್ಲುತ್ತದೆ. ತಂದೆ ಗಾಡಿ ನಿಲ್ಲಿಸಿ ಅವರೊಡನೆ ನಾಲ್ಕು ಮಾತನಾಡಿ ಮುಂದೆ ಸಾಗಿದರು. ಆ ನೋಟ ಮಾತ್ರ ಹುಡುಗನ ಕಣ್ಣಿನಿಂದ ಮಾಯಲೇ ಇಲ್ಲ.

ಆ ಹುಡುಗ ಬೆಳೆದು ತಾನೂ ವೈದ್ಯನಾದ. 1872ರಲ್ಲಿ, ಇಪ್ಪತ್ತೆರಡು ವರ್ಷ ತುಂಬುವ ಮೊದಲೇ, ಓಹಾಯೋ ರಾಜ್ಯದ ಒಂದು ಸಣ್ಣ ಊರಿನ ವೈದ್ಯರ ಸಭೆಯಲ್ಲಿ ಪ್ರಬಂಧವೊಂದನ್ನು ಓದಿದ. ಅದರ ಬಹುಭಾಗ ಕೈಕಾಲುಗಳು ತಾವಾಗಿ ಕುಣಿಯುವ ಸಾಮಾನ್ಯ ರೋಗದ ವಿಷಯ. ಕೊನೆಯ ಕೆಲವು ಪ್ಯಾರಗಳಷ್ಟೇ ಲಾಂಗ್ ಐಲೆಂಡಿನ ಆ ವಿಚಿತ್ರ ಬೇನೆಯದು. ಆದರೆ ಆ ಕೆಲವು ಪ್ಯಾರಗಳೇ ಆತನ ಹೆಸರನ್ನು ಶಾಶ್ವತಗೊಳಿಸಿದವು. ಈ ರೋಗ ವಂಶದಲ್ಲಿ ಹರಿದು ಬರತಕ್ಕದ್ದು. ಮನಸ್ಸನ್ನು ಕೆಡಿಸಿ ಆತ್ಮಹತ್ಯೆಯ ಕಡೆಗೆ ನೂಕತಕ್ಕದ್ದು. ಮಕ್ಕಳನ್ನು ಬಿಟ್ಟು ಪ್ರಾಯಕ್ಕೆ ಬಂದವರನ್ನು ಹಿಡಿಯತಕ್ಕದ್ದು ಎಂದು ಆತ ಬರೆದ. ಇವೆಲ್ಲಕ್ಕಿಂತ ಮಿಗಿಲಾದ ಮಾತು ಇನ್ನೊಂದಿತ್ತು. ತಂದೆ ಅಥವಾ ತಾಯಿಗೆ ರೋಗವಿದ್ದರೂ, ಮಗನೊಬ್ಬನು ಅದು ತಗಲದೆ ಬಾಳಿ ಮುಗಿಸಿದನೆಂದರೆ, ಅವನ ಮಕ್ಕಳಿಗೂ ಮೊಮ್ಮಕ್ಕಳಿಗೂ ಅದರ ಭಯವಿಲ್ಲ. ದಾರ ಅಲ್ಲಿಗೆ ಕಡಿದುಹೋಗುತ್ತದೆ. ಒಂದು ತಲೆಮಾರನ್ನು ಹಾರಿ ಮುಂದಿನದಕ್ಕೆ ನೆಗೆಯುವುದು ಈ ರೋಗದ ಸ್ವಭಾವವಲ್ಲ.

ಮೆಂಡೆಲ್ ಎಂಬ ಪಾದ್ರಿ ಬಟಾಣಿ ಗಿಡಗಳನ್ನು ಬೆಳೆಸಿ ಅನುವಂಶೀಯತೆಯ ನಿಯಮಗಳನ್ನು 1866ರಲ್ಲಿಯೇ ಅಚ್ಚು ಹಾಕಿಸಿದ್ದನಾದರೂ, ಜಗತ್ತು ಅದರ ಕಡೆ ಕಣ್ಣು ತೆರೆದದ್ದು 1900ರಲ್ಲಿ. ಆ ನಿಯಮಗಳ ಗಂಧವೂ ಇಲ್ಲದ ಹಳ್ಳಿಯ ತರುಣ ವೈದ್ಯನೊಬ್ಬ, ತಂದೆ ಮತ್ತು ಅಜ್ಜ ನೋಡಿದ್ದ ರೋಗಿಗಳ ವೃತ್ತಾಂತಗಳನ್ನು ಜೋಡಿಸಿಕೊಂಡು, ಅಷ್ಟು ನಿಖರವಾಗಿ ಹೇಳಿದನಲ್ಲ! ಒಂದೇ ಊರಿನಲ್ಲಿ ಮೂರು ತಲೆಮಾರು ನೆಲೆಸಿದ ವೈದ್ಯರ ಮನೆತನ ಬೇಕಾಯಿತು, ಮೂರು ತಲೆಮಾರು ಹರಿಯುವ ರೋಗವನ್ನು ಗುರುತಿಸಲು. ಊರಿನಿಂದ ಊರಿಗೆ ವರ್ಗವಾಗುವ ವೈದ್ಯರಿಂದ ಇದು ಆಗುವ ಕೆಲಸವಲ್ಲ.

ಹಂಟಿಂಗ್‌ಟನ್ ರೋಗವೆಂದು ಪ್ರಸಿದ್ಧವಾದ ಈ ಬೇನೆ ಸಾಮಾನ್ಯವಾಗಿ ಮೂವತ್ತರಿಂದ ಐವತ್ತರ ನಡುವೆ ತಲೆಯೆತ್ತುತ್ತದೆ. ಮೊದಮೊದಲು ಬೆರಳುಗಳು ತಾವಾಗಿ ಮಿಸುಕುತ್ತವೆ. ಕೈಯಿಂದ ಲೋಟ ಜಾರುತ್ತದೆ. ಸೌಮ್ಯನಾಗಿದ್ದವನು ಸಿಡುಕನಾಗುತ್ತಾನೆ, ಮನೆಯ ಲೆಕ್ಕಾಚಾರವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದವಳು ಅಂಗಡಿಯ ಚೀಟಿಯನ್ನು ಕೂಡಲಾರದೆ ತಡವರಿಸುತ್ತಾಳೆ. ಬರಬರುತ್ತ ನಡಿಗೆ ಓಲಾಡುತ್ತದೆ, ಮಾತು ತೊದಲುತ್ತದೆ, ಅನ್ನ ನುಂಗುವುದೇ ಕಷ್ಟವಾಗುತ್ತದೆ. ಹದಿನೈದು ಇಪ್ಪತ್ತು ವರ್ಷಗಳ ಕಾಲ ಹೀಗೆ ನವೆದು ರೋಗಿ ಕಣ್ಣು ಮುಚ್ಚುತ್ತಾನೆ. ಅಷ್ಟರಲ್ಲಿ ಮಕ್ಕಳು ಬೆಳೆದು ದೊಡ್ಡವರಾಗಿರುತ್ತಾರೆ. ಅನೇಕರಿಗೆ ಮದುವೆಯಾಗಿ ಮಕ್ಕಳೂ ಆಗಿರುತ್ತವೆ. ತಮ್ಮ ಪಾಲಿಗೆ ಏನು ಬಂದಿದೆಯೆಂಬುದು ಅವರಿಗೆ ತಿಳಿಯದು.

ಪಿತ್ರಾರ್ಜಿತವಾಗಿ ಬಂದ ಮನೆಯನ್ನೋ ಗದ್ದೆಯನ್ನೋ ಬೇಡವೆನ್ನುವವನು ಕಾಗದ ಬರೆದುಕೊಟ್ಟು ತನ್ನ ಹಕ್ಕನ್ನು ಬಿಡಬಹುದು. ಇದು ಬಿಟ್ಟುಕೊಡಲು ಬಾರದ ಆಸ್ತಿ. ತಾಯಿತಂದೆಯರಲ್ಲಿ ಒಬ್ಬರಿಗೆ ಇದ್ದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ನಾಣ್ಯವನ್ನು ಚಿಮ್ಮಿದಂತೆ. ಅಣ್ಣನಿಗೆ ಬಂದಿತೆಂಬ ಕಾರಣದಿಂದ ತಮ್ಮನಿಗೆ ರಿಯಾಯಿತಿಯಿಲ್ಲ. ಪ್ರತಿ ಮಗುವಿಗೂ ನಾಣ್ಯವನ್ನು ಹೊಸದಾಗಿ ಚಿಮ್ಮಲಾಗುತ್ತದೆ.

ಈ ರೋಗದ ದುಃಖದಷ್ಟೇ ದೊಡ್ಡದು ಇದರ ಸುತ್ತ ಬೆಳೆದ ನಾಚಿಕೆ. ಓಲಾಡುವವನನ್ನು ಕಂಡರೆ ಬೀದಿಯ ಜನ ಕುಡುಕನೆನ್ನುತ್ತಾರೆ. ಅಮೆರಿಕದ ಹೆಸರಾಂತ ಜನಪದ ಗಾಯಕ ವುಡಿ ಗತ್ರಿಯ ತಾಯಿ ಈ ರೋಗದಿಂದ ಹುಚ್ಚಾಸ್ಪತ್ರೆಯಲ್ಲಿ ಸತ್ತಳು. ಆತನಿಗೂ ಕುಡಿತದ ಚಟವೆಂದೇ ಬಹುಕಾಲ ಎಣಿಸಲಾಗಿತ್ತು. ರೋಗದ ನಿಜವಾದ ಹೆಸರು ಗೊತ್ತಾದದ್ದು 1952ರಲ್ಲಿ. ಹಾಡುವ ಕಂಠವೂ ತಂತಿ ಮೀಟುವ ಬೆರಳೂ ಕೈಬಿಟ್ಟುಹೋಗಿ, 1967ರಲ್ಲಿ ಆತ ತೀರಿಕೊಂಡ. ಅವನಿಂದ ವಿಚ್ಛೇದನ ಪಡೆದಿದ್ದರೂ ಕೊನೆಯವರೆಗೆ ಅವನ ಆರೈಕೆ ಮಾಡಿದ ಮಾರ್ಜರಿ ಗತ್ರಿ, ಅದೇ ವರ್ಷ ಇಂತಹ ಕುಟುಂಬಗಳನ್ನು ಒಂದುಗೂಡಿಸುವ ಸಂಸ್ಥೆಯೊಂದನ್ನು ಸ್ಥಾಪಿಸಿದಳು. ಬಚ್ಚಿಟ್ಟ ಹೆಸರನ್ನು ಬಹಿರಂಗವಾಗಿ ಉಚ್ಚರಿಸಿದವರಲ್ಲಿ ಆಕೆ ಮೊದಲಿನವಳು.

ಮರುವರ್ಷ, 1968ರಲ್ಲಿ, ಲಾಸ್ ಏಂಜಲೀಸ್ ನಗರದಲ್ಲಿ ನಡೆದದ್ದು ಇಂತಹುದೇ ಇನ್ನೊಂದು ಪ್ರಸಂಗ. ಲಿಯೊನೋರ್ ವೆಕ್ಸ್‌ಲರ್ ಎಂಬ ಮಹಿಳೆ ಬೆಳಗಿನ ಹೊತ್ತು ಬೀದಿಯನ್ನು ದಾಟುತ್ತಿದ್ದಳು. ಪೋಲೀಸಿನವನೊಬ್ಬ ಆಕೆಯನ್ನು ತಡೆದು, ಇಷ್ಟು ಹೊತ್ತಿಗೇ ಕುಡಿದು ಬಂದಿದ್ದೀಯಲ್ಲ ಎಂದು ಗದರಿಸಿದ. ಆಕೆ ಕುಡಿದಿರಲಿಲ್ಲ. ತನ್ನ ನಡಿಗೆ ಓಲುತ್ತಿದೆಯೆಂಬುದೇ ಆಕೆಗೆ ಆ ವರೆಗೆ ಗೊತ್ತಿರಲಿಲ್ಲ. ಆಕೆ ಪ್ರಾಣಿಶಾಸ್ತ್ರವನ್ನು ಓದಿದವಳು. ತಂದೆ ಹಂಟಿಂಗ್‌ಟನ್ ರೋಗದಿಂದ ಸತ್ತಿದ್ದ. ಮೂವರು ಸಹೋದರರಿಗೂ ಅದೇ ಬಂದಿತ್ತು. ಆದರೆ ಅದು ಗಂಡಸರಿಗೆ ಮಾತ್ರ ಬರುವ ರೋಗವೆಂಬ ತಪ್ಪು ತಿಳಿವಳಿಕೆಯೊಂದನ್ನು ನಂಬಿಕೊಂಡು ಆಕೆ ಬದುಕಿದ್ದಳು. ವೈದ್ಯರ ಪರೀಕ್ಷೆ ಆ ನಂಬಿಕೆಯನ್ನು ಒಡೆದುಹಾಕಿತು. ನಾಲ್ಕು ಬಾರಿ ಚಿಮ್ಮಿದ ನಾಣ್ಯ ನಾಲ್ಕು ಬಾರಿಯೂ ಒಂದೇ ಮಗ್ಗುಲಿಗೆ ಬಿದ್ದಿತ್ತು.

ಲಿಯೊನೋರಳಿಗೆ ಇಬ್ಬರು ಹೆಣ್ಣುಮಕ್ಕಳು: ಆಲಿಸ್ ಮತ್ತು ನ್ಯಾನ್ಸಿ. ಆಕೆಯಿಂದ ವಿಚ್ಛೇದನ ಪಡೆದಿದ್ದ ಪತಿ ಮಿಲ್ಟನ್ ವೆಕ್ಸ್‌ಲರ್ ಮನೋವಿಶ್ಲೇಷಕ. ಆತ ಹೆಣ್ಣುಮಕ್ಕಳನ್ನು ಕರೆಸಿ ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದ. ನ್ಯಾನ್ಸಿಗೆ ಆಗ ಇಪ್ಪತ್ತಮೂರು ವರ್ಷ. ಅಕ್ಕತಂಗಿಯರಿಬ್ಬರೂ ತಮಗೆ ಮಕ್ಕಳು ಬೇಡವೆಂದು ನಿರ್ಧರಿಸಿದರು. ತಂದೆ ಕಣ್ಣೀರಿಡುತ್ತ ಕೂರುವ ಜಾತಿಯವನಲ್ಲ. ಅದೇ ವರ್ಷ ಆನುವಂಶಿಕ ರೋಗಗಳ ಸಂಶೋಧನೆಗಾಗಿ ಒಂದು ಪ್ರತಿಷ್ಠಾನವನ್ನು ಕಟ್ಟಿ, ನಾನಾ ವಿಜ್ಞಾನಿಗಳನ್ನು ಒಂದೆಡೆ ಕೂಡಿಸತೊಡಗಿದ. ನ್ಯಾನ್ಸಿ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಅದೇ ಕೆಲಸಕ್ಕೆ ತನ್ನನ್ನು ಕೊಟ್ಟುಕೊಂಡಳು. ತಾಯಿ 1978ರಲ್ಲಿ ತೀರಿಕೊಂಡಳು.

ಕಥೆ ಇಲ್ಲಿಂದ ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶಕ್ಕೆ ಹೊರಳುತ್ತದೆ. ಅಲ್ಲಿ ಮರಕೈಬೊ ಎಂಬ ಮಹಾಸರೋವರವಿದೆ. ಅದರ ದಡದಲ್ಲಿ ಬೆಸ್ತರ ಹಳ್ಳಿಗಳು. ಕೆಲವು ಹಳ್ಳಿಗಳಂತೂ ನೀರಿನಲ್ಲಿ ನೆಟ್ಟ ಕಂಬಗಳ ಮೇಲೆಯೇ ನಿಂತಿವೆ. 1950ರ ದಶಕದಲ್ಲಿ ಅಮೆರಿಕೊ ನೆಗ್ರೆಟೆ ಎಂಬ ವೈದ್ಯ ಅಲ್ಲಿನ ಸಾನ್ ಲೂಯಿಸ್ ಎಂಬ ಬಡವರ ಬಡಾವಣೆಗೆ ಬಂದಾಗ, ಬೀದಿಯಲ್ಲಿ ತೂರಾಡುವವರನ್ನು ಕಂಡು ಇವರೆಷ್ಟು ಕುಡುಕರೆಂದು ತಾನೂ ಅಂದುಕೊಂಡ. ಲಾಸ್ ಏಂಜಲೀಸಿನ ಪೋಲೀಸನಿಗೂ ಮರಕೈಬೊದ ವೈದ್ಯನಿಗೂ ಮೊದಲು ಹೊಳೆದದ್ದು ಒಂದೇ ಮಾತು! ಆದರೆ ವೈದ್ಯ ಅಲ್ಲಿಗೆ ನಿಲ್ಲಲಿಲ್ಲ. ಇದು ಕುಡಿತವಲ್ಲ, ಮನೆತನದ ಬೇನೆ ಎಂದು ಊರಿನವರು ಹೇಳಿದಾಗ, ಮನೆಮನೆಗೆ ಹೋಗಿ ವಂಶಾವಳಿಗಳನ್ನು ಬರೆದುಕೊಂಡು, 1955ರಲ್ಲಿ ಹಂಟಿಂಗ್‌ಟನ್ ರೋಗದ ಮೇಲೆ ಪುಸ್ತಕವನ್ನೇ ಪ್ರಕಟಿಸಿದ. ಸ್ಪ್ಯಾನಿಷ್ ಭಾಷೆಯ ಆ ಪುಸ್ತಕ ಅನೇಕ ವರ್ಷ ಹೊರಗಿನವರ ಕಣ್ಣಿಗೆ ಬೀಳಲಿಲ್ಲ. ರೋಗದ ವರ್ಣನೆಗೆ ನೂರು ವರ್ಷ ತುಂಬಿದ 1972ರಲ್ಲಿ ಓಹಾಯೋದಲ್ಲಿ ಸೇರಿದ ಸಮ್ಮೇಳನಕ್ಕೆ ಅವನ ಶಿಷ್ಯನೊಬ್ಬ ಆ ಹಳ್ಳಿಗಳ ಚಲನಚಿತ್ರವನ್ನು ತಂದು ತೋರಿಸಿದ. ಒಂದೇ ಹಳ್ಳಿಯಲ್ಲಿ, ಒಂದೇ ಬೀದಿಯಲ್ಲಿ, ಅಷ್ಟೊಂದು ಮಂದಿ! ಆ ಸಭೆಯಲ್ಲಿ ನ್ಯಾನ್ಸಿಯೂ ಕುಳಿತಿದ್ದಳು.

1979ರಲ್ಲಿ ಆಕೆ ಮೊದಲ ಬಾರಿ ಅಲ್ಲಿಗೆ ಹೋದಳು. 1981ರಿಂದ ಎರಡು ದಶಕಗಳ ಕಾಲ ವರ್ಷವರ್ಷವೂ ವೈದ್ಯರ ಮತ್ತು ದಾದಿಯರ ತಂಡವನ್ನು ಕಟ್ಟಿಕೊಂಡು ಹೋದಳು. ಆ ಜನಕ್ಕೆ ರಕ್ತ ಕೊಡುವುದೆಂದರೆ ಭಯ. ಚರ್ಮದ ಚೂರನ್ನು ಕತ್ತರಿಸಿ ಕೊಡುವುದೆಂದರೆ ಇನ್ನೂ ಭಯ. ಎಲ್ಲಿಂದಲೋ ಬಂದ ಹಣವಂತರು ತಮ್ಮ ರಕ್ತವನ್ನು ಏಕೆ ಒಯ್ಯುತ್ತಾರೆಂಬ ಸಂಶಯ ಬಡವರಿಗೆ ಸಹಜವೇ. ಆಗ ತನ್ನ ತಾಯಿಯೂ ಇದೇ ರೋಗದಿಂದ ಸತ್ತಳು, ತಾನೂ ನಿಮ್ಮಂತೆಯೇ ಎಂದು ನ್ಯಾನ್ಸಿ ಹೇಳಿದಳು. ಉತ್ತರದಲ್ಲಿಯೂ ಈ ರೋಗವಿದೆಯೇ ಎಂದು ಅವರಿಗೆ ಅಚ್ಚರಿ. ತಂಡದಲ್ಲಿದ್ದ ದಾದಿಯೊಬ್ಬಳು ನ್ಯಾನ್ಸಿಯ ತೋಳನ್ನು ಹಿಡಿದೆತ್ತಿ, ಅಲ್ಲಿಂದ ಹಿಂದೊಮ್ಮೆ ಚರ್ಮದ ಚೂರು ತೆಗೆದಿದ್ದ ಕಲೆಯನ್ನು ಎಲ್ಲರಿಗೂ ತೋರಿಸುತ್ತ ಬಂದಳು. ಯಾವ ಭಾಷಣವೂ ಮಾಡಲಾರದ ಕೆಲಸವನ್ನು ಆ ಕಲೆ ಮಾಡಿತು. ಜನ ಸಾಲಾಗಿ ಬಂದು ತೋಳು ಚಾಚಿದರು. ಕಾಲಾನುಕ್ರಮದಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ರಕ್ತದ ಮಾದರಿಗಳು ದೊರೆತವು. ಹತ್ತು ತಲೆಮಾರುಗಳ, ಹದಿನೆಂಟು ಸಾವಿರ ಮಂದಿಯ ವಂಶವೃಕ್ಷ ಕಾಗದದ ಮೇಲೆ ಹಬ್ಬಿತು. ಅದರ ಬೇರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಆ ದಡದಲ್ಲಿ ಬಾಳಿದ ಮರಿಯ ಕನ್ಸೆಪ್ಸಿಯೋನ್ ಎಂಬ ಹೆಂಗಸು.

ಆ ರಕ್ತವೆಲ್ಲ ಬಾಸ್ಟನ್ ನಗರದಲ್ಲಿ ಜೇಮ್ಸ್ ಗುಸೆಲ್ಲ ಎಂಬ ಮೂವತ್ತರ ಆಸುಪಾಸಿನ ವಿಜ್ಞಾನಿಯ ಪ್ರಯೋಗಶಾಲೆಗೆ ಹೋಯಿತು. ಮನುಷ್ಯನ ವಂಶವಾಹಿಗಳ ಗ್ರಂಥವನ್ನು ಅಕ್ಷರಗಳಲ್ಲಿ ಎಣಿಸಿದರೆ ಮುನ್ನೂರು ಕೋಟಿ. ಅದರಲ್ಲಿ ತಪ್ಪು ಎಲ್ಲಿದೆಯೆಂದು ಹುಡುಕುವುದು ಹೇಗೆ? ಗುಸೆಲ್ಲ ತಪ್ಪನ್ನೇ ಹುಡುಕಲಿಲ್ಲ. ಅದರ ನೆರೆಮನೆಯವನನ್ನು ಹುಡುಕಿದ. ಒಂದು ಮನೆತನದಲ್ಲಿ ರೋಗ ಬಂದವರೆಲ್ಲರಲ್ಲಿಯೂ ಇದ್ದು, ಬಾರದವರಲ್ಲಿ ಇಲ್ಲದ ಗುರುತು ಯಾವುದಾದರೂ ಇದೆಯೇ? ಇದ್ದರೆ ಆ ಗುರುತಿನ ಆಸುಪಾಸಿನಲ್ಲಿಯೇ ಕಳ್ಳನೂ ಇರಬೇಕು. ದಶಕಗಳೇ ಹಿಡಿಯಬಹುದೆಂದು ಬಲ್ಲವರು ಎಣಿಸಿದ್ದ ಕೆಲಸ 1983ರಲ್ಲಿಯೇ ಕೈಗೂಡಿತು. ಗುರುತು ಸಿಕ್ಕಿದ್ದು ನಾಲ್ಕನೆಯ ವರ್ಣತಂತುವಿನ ತುದಿಯಲ್ಲಿ. ಅದೃಷ್ಟವೆಂದು ಜನ ಕೊಂಡಾಡಿದರು. ಆದರೆ ಅದೃಷ್ಟಕ್ಕೂ ಒಂದು ಮಿತಿಯುಂಟಷ್ಟೆ. ಬೀದಿ ಗೊತ್ತಾದ ಮೇಲೆ ಮನೆಯ ಬಾಗಿಲನ್ನು ಕಂಡುಹಿಡಿಯಲು ಮತ್ತೆ ಹತ್ತು ವರ್ಷ ಬೇಕಾಯಿತು. 1993ರ ಮಾರ್ಚಿಯಲ್ಲಿ ಆರು ತಂಡಗಳ ಐವತ್ತೆಂಟು ವಿಜ್ಞಾನಿಗಳು ಒಟ್ಟಾಗಿ ಆ ವಂಶವಾಹಿಯನ್ನು ಲೋಕಕ್ಕೆ ತೋರಿಸಿದರು.

ಅದರಲ್ಲಿ ಇದ್ದ ದೋಷವೇನು? ಡಿ.ಎನ್.ಎ. ಭಾಷೆಗೆ ನಾಲ್ಕೇ ಅಕ್ಷರ. ಈ ವಂಶವಾಹಿಯ ಆರಂಭದಲ್ಲಿ ಸಿ, ಎ, ಜಿ ಎಂಬ ಮೂರಕ್ಷರದ ಪದವೊಂದು ಮತ್ತೆ ಮತ್ತೆ ಬರುತ್ತದೆ. ಅದು ಎಲ್ಲರಲ್ಲಿಯೂ ಉಂಟು. ಸಾಮಾನ್ಯರಲ್ಲಿ ಸುಮಾರು ಇಪ್ಪತ್ತು ಸಲ. ಇಪ್ಪತ್ತಾರರವರೆಗೆ ಯಾವ ಚಿಂತೆಯೂ ಇಲ್ಲ. ಇಪ್ಪತ್ತೇಳರಿಂದ ಮೂವತ್ತೈದಿದ್ದವರಿಗೆ ರೋಗ ಬಾರದಿದ್ದರೂ, ಮಕ್ಕಳಿಗೆ ದಾಟುವಾಗ ಎಣಿಕೆ ಬೆಳೆಯಬಹುದು. ಮೂವತ್ತಾರರಿಂದ ಮೂವತ್ತೊಂಬತ್ತಿದ್ದವರಿಗೆ ರೋಗ ಬರಬಹುದು, ಬಾರದೆಯೂ ಇರಬಹುದು. ನಲವತ್ತನ್ನು ಮುಟ್ಟಿತೆಂದರೆ, ಆಯುಷ್ಯವಿದ್ದಲ್ಲಿ, ರೋಗ ನಿಶ್ಚಿತ. ಅರವತ್ತನ್ನು ಮೀರಿದರೆ ಬಾಲ್ಯದಲ್ಲಿಯೋ ಹದಿಹರೆಯದಲ್ಲಿಯೋ ಬಂದುಬಿಡುತ್ತದೆ. ಹೆಚ್ಚು ಸಲ ಬಂದಷ್ಟೂ ರೋಗ ಬೇಗ.

ರಾಮಕೋಟಿ ಬರೆಯುವ ಅಜ್ಜಿಯರನ್ನು ವಾಚಕರು ಕಂಡಿರಬಹುದು. ಒಂದೇ ಹೆಸರನ್ನು ಸಾಲುಸಾಲಾಗಿ ಬರೆಯುತ್ತ ಹೋದಾಗ, ಎಷ್ಟು ಬರೆದೆನೆಂಬ ಎಣಿಕೆ ತಪ್ಪಿ ಒಂದೆರಡು ಹೆಚ್ಚಾಗುವುದು ಸಹಜ. ಜೀವಕೋಶವೂ ಪ್ರತಿ ತೆಗೆಯುವಾಗ ಹಾಗೆಯೇ ಎಡವುತ್ತದೆ. ಒಂದೇ ಪದ ಮರುಕಳಿಸುವ ಎಡೆಯಲ್ಲಿಯೇ ಎಣಿಕೆ ತಪ್ಪುವುದು ಹೆಚ್ಚು. ತಂದೆಯ ಕಡೆಯಿಂದ ಬರುವಾಗ ಈ ಎಣಿಕೆ ಹಿಗ್ಗುವ ಸಂಭವ ಇನ್ನೂ ಜಾಸ್ತಿ. ಅಜ್ಜನಿಗೆ ಐವತ್ತೈದರಲ್ಲಿ ಬಂದದ್ದು ತಂದೆಗೆ ನಲವತ್ತರಲ್ಲಿ, ಮಗನಿಗೆ ಇಪ್ಪತ್ತೈದರಲ್ಲಿ ಬರುವ ಮನೆಗಳಿರುವುದು ಈ ಕಾರಣದಿಂದ.

ಇನ್ನು ಈ ಹೆಚ್ಚಿನ ಅಕ್ಷರಗಳು ಮಿದುಳನ್ನು ಕೆಡಿಸುವ ಬಗೆ. ವಂಶವಾಹಿಯೆಂದರೆ ಪ್ರೋಟೀನನ್ನು ಕಟ್ಟುವ ಅಪ್ಪಣೆ. ಇಲ್ಲಿ ಹುಟ್ಟುವ ಪ್ರೋಟೀನಿಗೆ ಹಂಟಿಂಗ್‌ಟಿನ್ ಎಂದು ಹೆಸರು. ಅದು ಮೂರು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ದೊಡ್ಡ ಸರ, ನಿರುಪಯೋಗಿಯೇನೂ ಅಲ್ಲ. ಆ ವಂಶವಾಹಿಯನ್ನೇ ತೆಗೆದುಹಾಕಿದ ಇಲಿಮರಿಗಳು ಹುಟ್ಟುವ ಮೊದಲೇ ಸತ್ತವು. ಮೂರಕ್ಷರದ ಪ್ರತಿಯೊಂದು ಪದವೂ ಸರಕ್ಕೆ ಗ್ಲುಟಮಿನ್ ಎಂಬ ಒಂದು ಮಣಿಯನ್ನು ಸೇರಿಸುತ್ತದೆ. ಮಣಿ ಮಿತಿಮೀರಿದಾಗ ಸರ ಸರಿಯಾಗಿ ಮಡಿಸಿಕೊಳ್ಳಲಾರದು. ಅದರ ತುಂಡುಗಳು ಒಂದಕ್ಕೊಂದು ಅಂಟಿಕೊಂಡು ನರಕೋಶದೊಳಗೆ ಗಂಟುಗಳಾಗುತ್ತವೆ. ಲಂಡನ್ನಿನಲ್ಲಿ ಈ ದೋಷವನ್ನು ಹೊತ್ತ ಇಲಿಗಳ ಮಿದುಳಿನಲ್ಲಿಯೂ, ಅಮೆರಿಕದಲ್ಲಿ ಸತ್ತ ರೋಗಿಗಳ ಮಿದುಳಿನಲ್ಲಿಯೂ ಈ ಗಂಟುಗಳನ್ನು 1997ರಲ್ಲಿ ಕಂಡರು. ವಿಚಿತ್ರವೆಂದರೆ ಹಂಟಿಂಗ್‌ಟಿನ್ ಮೈಯ ಎಲ್ಲ ಕೋಶಗಳಲ್ಲಿಯೂ ಉಂಟು. ಆದರೆ ಮೊದಲು ಸಾಯುವುದು ಮಿದುಳಿನ ಆಳದಲ್ಲಿ ಚಲನೆಯನ್ನು ಅಂಕೆಯಲ್ಲಿಡುವ ಒಂದು ಭಾಗದ ನರಕೋಶಗಳು. ಕಡಿವಾಣ ಹರಿದ ಕುದುರೆಯಂತೆ ಕೈಕಾಲುಗಳು ಕುಣಿಯುವುದು ಅದರಿಂದಲೇ.

ಮರೆವಿನ ರೋಗವಾದ ಆಲ್‌ಝೈಮರ್, ಕೈನಡುಕದ ಪಾರ್ಕಿನ್‌ಸನ್ ಮೊದಲಾದವುಗಳಲ್ಲಿಯೂ ಇಂತಹ ಗಂಟುಗಳುಂಟು. ಪ್ರೋಟೀನುಗಳು ಬೇರೆ ಬೇರೆ, ಅಷ್ಟೆ. ಅವುಗಳಲ್ಲಿ ಒಂದೇ ವಂಶವಾಹಿಯ ದೋಷದಿಂದ ಬರುವುದು ಅಪರೂಪ. ಬಹುಪಾಲು ರೋಗಿಗಳಲ್ಲಿ ವಯಸ್ಸು, ಹಲವು ವಂಶವಾಹಿಗಳ ಸಣ್ಣಪುಟ್ಟ ಪ್ರಭಾವ, ಜೀವನಕ್ರಮ ಎಲ್ಲವೂ ಕಲೆತಿರುತ್ತವೆ. ಆದ್ದರಿಂದ ಅಜ್ಜನಿಗೆ ಮರೆವಿತ್ತೆಂಬ ಕಾರಣಕ್ಕೆ ಮನೆಯವರೆಲ್ಲ ಗಾಬರಿಗೊಳ್ಳಬೇಕಾಗಿಲ್ಲ. ನರಕೋಶದ ಕಷ್ಟವಾದರೂ ಸಾಮಾನ್ಯವಾದುದು. ಚರ್ಮದ ಕೋಶ ಹಳತಾದರೆ ಉದುರಿಹೋಗಿ ಹೊಸದು ಹುಟ್ಟುತ್ತದೆ. ನರಕೋಶ ಒಡೆದು ಎರಡಾಗುವುದಿಲ್ಲ. ಹುಟ್ಟಿನಿಂದ ಸಾವಿನವರೆಗೆ ಅದೇ ಹಳೆಯ ಮನೆ. ದಿನದಿನದ ಕಸವನ್ನು ದಿನದಿನವೇ ಗುಡಿಸಿ ಹೊರಹಾಕಬೇಕು. ಗುಡಿಸುವ ಕೈ ಸೋತಾಗ ಕಸ ಗುಡ್ಡೆಯಾಗುತ್ತದೆ.

ಹಾಗಾದರೆ ಆ ಗುಡ್ಡೆಯೇ ಕೊಲೆಗಾರನೇ? ಹೌದೆಂದು ಕೆಲವು ಕಾಲ ಎಲ್ಲರೂ ನಂಬಿದ್ದರು. 2004ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ಒಂದೊಂದೇ ನರಕೋಶವನ್ನು ದಿನಗಟ್ಟಲೆ ಗಮನಿಸುತ್ತ ಕುಳಿತರು. ಗಂಟು ಕಟ್ಟಿಕೊಂಡ ಕೋಶಗಳು ಕಟ್ಟಿಕೊಳ್ಳದವುಗಳಿಗಿಂತ ಹೆಚ್ಚು ಕಾಲ ಬದುಕಿದವು! ಮನೆತುಂಬ ಹರಡಿದ ಕಸವನ್ನು ಒಂದು ಮೂಲೆಗೆ ಒತ್ತರಿಸಿದ ಗೃಹಿಣಿಯಂತೆ, ಕೋಶ ತನ್ನನ್ನು ತಾನು ಉಳಿಸಿಕೊಳ್ಳಲು ಮಾಡಿದ ಉಪಾಯವಿದ್ದಿರಬಹುದು ಅದು. ಅಪರಾಧ ನಡೆದ ಎಡೆಯಲ್ಲಿ ಸಿಕ್ಕವನೆಲ್ಲ ಅಪರಾಧಿಯಲ್ಲವೆಂಬುದು ನ್ಯಾಯಾಲಯಕ್ಕೆ ಮಾತ್ರ ಅನ್ವಯಿಸುವ ಮಾತಲ್ಲ.

ಇನ್ನೂ ಒಂದು ಒಗಟು ಉಳಿದಿತ್ತು. ಹುಟ್ಟುವಾಗಲೇ ದೋಷವಿದ್ದರೂ ನಲವತ್ತು ವರ್ಷ ಸುಮ್ಮನಿದ್ದು ಆಮೇಲೆ ಏಕೆ ಎರಗಬೇಕು? ಒಂದೇ ಎಣಿಕೆಯನ್ನು ಹೊತ್ತ ಇಬ್ಬರಲ್ಲಿ ಒಬ್ಬನಿಗಿಂತ ಇನ್ನೊಬ್ಬನಿಗೆ ಹತ್ತಾರು ವರ್ಷ ತಡವಾಗಿ ಏಕೆ ಬರಬೇಕು? 2015ರಲ್ಲಿ ಸಾವಿರಾರು ರೋಗಿಗಳ ವಂಶವಾಹಿಗಳನ್ನು ತುಲನೆ ಮಾಡಿದಾಗ, ಈ ವ್ಯತ್ಯಾಸಕ್ಕೆ ಕಾರಣವಾಗಿ ಕಂಡದ್ದು ಡಿ.ಎನ್.ಎ.ಯನ್ನು ದುರಸ್ತಿ ಮಾಡುವ ವಂಶವಾಹಿಗಳು. 2025ರಲ್ಲಿ ಬಾಸ್ಟನ್ ಪ್ರದೇಶದ ವಿಜ್ಞಾನಿಗಳು ತೀರಿಹೋದ ರೋಗಿಗಳ ನರಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿ ಒಗಟಿನ ಬಹುಭಾಗವನ್ನು ಬಿಡಿಸಿದರು. ಹುಟ್ಟುವಾಗ ನಲವತ್ತೆರಡಿದ್ದ ಎಣಿಕೆ ಸಾಯುವವರೆಗೂ ನಲವತ್ತೆರಡೇ ಆಗಿ ಉಳಿಯುವುದಿಲ್ಲ. ಮೊದಲು ಸಾಯುವ ಆ ಜಾತಿಯ ನರಕೋಶಗಳಲ್ಲಿ ಅದು ಬಲು ನಿಧಾನವಾಗಿ, ದಶಕಗಳುದ್ದಕ್ಕೂ, ಬೆಳೆಯುತ್ತ ಎಂಬತ್ತರ ಆಸುಪಾಸಿಗೆ ಬರುತ್ತದೆ. ಅಲ್ಲಿಂದ ಮುಂದೆ ಕೆಲವೇ ವರ್ಷಗಳಲ್ಲಿ ನೂರೈವತ್ತನ್ನು ದಾಟುತ್ತದೆ. ಆ ತನಕ ಹೆಚ್ಚೇನೂ ಕೆಡದಿದ್ದ ಕೋಶ ಆಗ ತನ್ನ ಕಸುಬನ್ನೇ ಮರೆತು ಬಲುಬೇಗ ಸಾಯುತ್ತದೆ. ಈ ಎಣಿಕೆಯನ್ನು ಬೆಳೆಸುವವರು ಯಾರು? ದುರಸ್ತಿಗೆಂದು ಬಂದ ಕೆಲಸಗಾರರೇ. ತಂತುವಿನಲ್ಲಿ ಸಣ್ಣ ಕುಣಿಕೆಯೊಂದು ಎದ್ದುದನ್ನು ಕಂಡು ಸರಿಪಡಿಸಲು ಹೋಗಿ, ಒಂದೆರಡು ಪದಗಳನ್ನು ಹೆಚ್ಚಾಗಿ ಹೊಲಿದುಬಿಡುತ್ತಾರೆ. ಇದು ನಿಜವಾದರೆ ಒಂದು ಆಶೆಗೂ ಎಡೆಯುಂಟು. ದುರಸ್ತಿಯ ಆ ಕೈಯನ್ನು ಸ್ವಲ್ಪ ತಡೆಹಿಡಿದರೆ, ನಲವತ್ತರಲ್ಲಿ ಬರುವ ರೋಗವನ್ನು ಎಂಬತ್ತಕ್ಕೆ ನೂಕಲು ಬಾರದೇ? ಹಲವು ಪ್ರಯೋಗಶಾಲೆಗಳು ಈಗ ಆ ಹಾದಿಯನ್ನು ಹಿಡಿದಿವೆ.

ವಂಶವಾಹಿಯ ಗುರುತು ಸಿಕ್ಕಿದೊಡನೆ ಹುಟ್ಟಿಕೊಂಡದ್ದು ಔಷಧವಲ್ಲ, ಪರೀಕ್ಷೆ. 1986ರಿಂದ ಬಳಸುಹಾದಿಯಿಂದಲೂ, 1993ರ ನಂತರ ನೇರವಾಗಿಯೂ, ರೋಗ ಬರುವುದೋ ಇಲ್ಲವೋ ಎಂಬುದನ್ನು ದಶಕಗಳ ಮೊದಲೇ ಹೇಳುವುದು ಸಾಧ್ಯವಾಯಿತು. ನಮ್ಮಲ್ಲಿ ಮದುವೆಗೆ ಮುನ್ನ ಜಾತಕ ನೋಡಿಸುವವರು ಉಂಟು. ಜೋಯಿಸರ ಮಾತು ಹಿತವಾಗದಿದ್ದರೆ ಇನ್ನೊಬ್ಬ ಜೋಯಿಸರ ಬಳಿಗೆ ಹೋಗುವ ಸೌಕರ್ಯವೂ ಉಂಟು. ಈ ಜಾತಕಕ್ಕೆ ಶಾಂತಿಯಿಲ್ಲ, ಪರಿಹಾರವಿಲ್ಲ. ಪರೀಕ್ಷೆ ಬರುವ ಮೊದಲು, ಅದು ಬಂದರೆ ಖಂಡಿತ ಮಾಡಿಸಿಕೊಳ್ಳುತ್ತೇವೆಂದು ಇಂತಹ ಕುಟುಂಬಗಳ ಹೆಚ್ಚಿನವರು ಹೇಳಿದ್ದರು. ಬಂದ ಮೇಲೆ ಮುಂದೆ ಬಂದವರು ಕೆಲವರು ಮಾತ್ರ. ಬಹುಪಾಲು ಜನ ಹಿಂಜರಿದರು. ಅವರನ್ನು ಹೇಡಿಗಳೆನ್ನುವುದು ಹೊರಗೆ ನಿಂತವರಿಗೆ ಸುಲಭ.

ಪರೀಕ್ಷೆಯ ವಿಧಿಯೂ ರಕ್ತ ತೆಗೆದು ಚೀಟಿ ಕೊಟ್ಟು ಕಳುಹಿಸುವಂತಹುದಲ್ಲ. ಮೊದಲು ಸಲಹೆಗಾರರೊಡನೆ ಮಾತು, ಆಲೋಚನೆಗೆ ಸಮಯ, ಮತ್ತೆ ಮಾತು. ಫಲಿತಾಂಶವನ್ನು ಎದುರಿಗೆ ಕೂರಿಸಿಯೇ ಹೇಳಬೇಕು. ಲಕೋಟೆ ಸಿದ್ಧವಾಗಿದ್ದರೂ ಕೊನೆಯ ಗಳಿಗೆಯಲ್ಲಿ ಬೇಡವೆನ್ನುವ ಹಕ್ಕುಂಟು. ರೋಗದ ಚಿಹ್ನೆಯಿಲ್ಲದ ಮಕ್ಕಳಿಗೆ ಈ ಪರೀಕ್ಷೆಯನ್ನು ಮಾಡುವಂತಿಲ್ಲ. ತಾಯಿತಂದೆಯರ ಆತುರಕ್ಕಾಗಿ ಮಗುವಿನ ಭವಿಷ್ಯವನ್ನು ತೆರೆದು ನೋಡಕೂಡದೆಂಬುದು ಅದರ ಹಿಂದಿನ ನ್ಯಾಯ. ಇಷ್ಟಾದರೂ ತೊಡಕುಗಳು ತಪ್ಪುವುದಿಲ್ಲ. ತಾತನಿಗೆ ರೋಗವಿತ್ತು, ತಂದೆ ತನಗೆ ತಿಳಿಯುವುದು ಬೇಡವೆನ್ನುತ್ತಾನೆ, ಮದುವೆಯ ಹೊಸ್ತಿಲಲ್ಲಿರುವ ಮಗಳು ತಿಳಿಯಲೇಬೇಕೆನ್ನುತ್ತಾಳೆ. ಮಗಳಲ್ಲಿ ದೋಷವಿದೆಯೆಂದು ತಿಳಿದ ಕ್ಷಣವೇ, ಕೇಳದಿದ್ದ ತಂದೆಯ ಹಣೆಬರಹವನ್ನೂ ಓದಿದಂತಾಯಿತು. ಇಬ್ಬರ ಹಕ್ಕೂ ನ್ಯಾಯವಾದದ್ದೇ. ಯಾರ ಮಾತು ನಡೆಯಬೇಕು? ಸಾಮಾನ್ಯವಾಗಿ ಮಗಳ ಹಕ್ಕೇ ಮೇಲೆಂದು ನಿಯಮಗಳು ಹೇಳುತ್ತವೆ; ಆದರೆ ಊಟದ ಮನೆಯಲ್ಲಿ ಎದುರುಬದುರು ಕುಳಿತ ತಂದೆಮಗಳಿಗೆ ನಿಯಮ ಏನು ಸಹಾಯ ಮಾಡೀತು?

ನಮ್ಮ ದೇಶಕ್ಕೂ ಈ ರೋಗ ಹೊರಗಿನದಲ್ಲ. ಯುರೋಪಿಯನ್ ಮೂಲದವರಲ್ಲಿ ಇರುವುದಕ್ಕಿಂತ ಏಷ್ಯದವರಲ್ಲಿ ಅದು ಬಹಳ ಕಡಿಮೆಯೆಂಬುದು ನಿಜ. ಆದರೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ಕುಟುಂಬಗಳ ಪರೀಕ್ಷೆಯೂ ಅವರಿಗೆ ಸಲಹೆ ಕೊಡುವ ಕೆಲಸವೂ ನಡೆದು ಬಂದಿದೆ. ಹೆಣ್ಣು ನೋಡಲು ಬಂದವರಿಗೆ ಸೋದರಮಾವನ ಕೈನಡುಕವನ್ನು ಮರೆಮಾಚುವ ಮನೆಗಳು ಎಲ್ಲ ಊರುಗಳಲ್ಲಿಯೂ ಉಂಟು. ಲಿಯೊನೋರಳ ತಪ್ಪು ನಂಬಿಕೆ ಹುಟ್ಟಿದ್ದೂ ಇಂತಹ ಮೌನದಲ್ಲಿಯೇ ಅಲ್ಲವೆ?

ಈಗ ನ್ಯಾನ್ಸಿಯ ವಿಷಯ. ಜಗತ್ತಿಗೆ ಈ ಪರೀಕ್ಷೆಯನ್ನು ದೊರಕಿಸಿಕೊಟ್ಟವರಲ್ಲಿ ಆಕೆಗೆ ಅಗ್ರಸ್ಥಾನ. ಹಾಗಾದರೆ ಆಕೆಯೇ ಮೊದಲು ತೋಳು ಚಾಚಿರಬೇಕಲ್ಲವೆ? ತಂದೆಮಕ್ಕಳು ಕುಳಿತು ಬಹಳ ಹೊತ್ತು ಚರ್ಚಿಸಿ ಅಕ್ಕತಂಗಿಯರಿಬ್ಬರೂ ಪರೀಕ್ಷೆ ಬೇಡವೆಂದು ತೀರ್ಮಾನಿಸಿದರು. ಇತಿಹಾಸಕಾರ್ತಿಯಾದ ಆಲಿಸ್ 1995ರಲ್ಲಿ ಪ್ರಕಟಿಸಿದ ‘ಮ್ಯಾಪಿಂಗ್ ಫೇಟ್’ ಎಂಬ ಪುಸ್ತಕದಲ್ಲಿ ಇದನ್ನೆಲ್ಲ ಬಿಚ್ಚಿ ಬರೆದಿದ್ದಾಳೆ. ಇದರಲ್ಲಿ ವಿರೋಧಾಭಾಸವನ್ನು ಕಂಡು ನಕ್ಕವರಿದ್ದಾರೆ. ಆದರೆ ಬಾಗಿಲಿಗೆ ಬೀಗದ ಕೈ ಮಾಡಿಕೊಡುವುದು ಬೇರೆ, ತಾನು ಒಳಗೆ ಹೋಗಲೇಬೇಕೆಂಬುದು ಬೇರೆ. ಪ್ರತಿ ವರ್ಷ ಮರಕೈಬೊದ ದಡದಲ್ಲಿ ನೂರಾರು ರೋಗಿಗಳ ಕೈ ಹಿಡಿದು ಕೂರುತ್ತಿದ್ದವಳಿಗೆ, ತನ್ನ ಕೈಯೂ ಹೀಗಾಗುವುದೋ ಎಂಬುದು ಗೊತ್ತಿಲ್ಲದೆ ಇದ್ದುದರಿಂದಲೇ ಅಷ್ಟು ಕೆಲಸ ಸಾಧ್ಯವಾಯಿತೆಂದು ಊಹಿಸಲು ಅಡ್ಡಿಯಿಲ್ಲ.

ಔಷಧದ ಕಥೆ ಮಾತ್ರ ಇನ್ನೂ ಮುಗಿದಿಲ್ಲ. ಕೈಕಾಲುಗಳ ಕುಣಿತವನ್ನು ತಗ್ಗಿಸುವ ಮಾತ್ರೆಗಳುಂಟು. ಅವು ರೋಗದ ಓಟವನ್ನು ತಡೆಯಲಾರವು. ಕೆಟ್ಟ ಪ್ರೋಟೀನಿನ ಉತ್ಪತ್ತಿಯನ್ನೇ ಕುಗ್ಗಿಸುವ ಔಷಧವೊಂದನ್ನು ಬೆನ್ನುಹುರಿಯ ದ್ರವದೊಳಕ್ಕೆ ಚುಚ್ಚಿ ನೋಡುವ ದೊಡ್ಡ ಪ್ರಯೋಗ ನಡೆದಿತ್ತು; 2021ರ ಮಾರ್ಚಿಯಲ್ಲಿ ಅದನ್ನು ನಡುವೆಯೇ ನಿಲ್ಲಿಸಬೇಕಾಗಿ ಬಂದಾಗ ಎಷ್ಟೋ ಮನೆಗಳಲ್ಲಿ ದೀಪ ಆರಿದಂತಾಯಿತು. 2025ರ ಸೆಪ್ಟೆಂಬರಿನಲ್ಲಿ ಇನ್ನೊಂದು ಸುದ್ದಿ ಬಂತು. ನಿರಪಾಯ ವೈರಸ್ಸಿನ ಬೆನ್ನೇರಿಸಿ ಮಿದುಳಿನ ಆಳಕ್ಕೆ ಶಸ್ತ್ರಕ್ರಿಯೆಯಿಂದ ಒಮ್ಮೆ ಮಾತ್ರ ಸೇರಿಸುವ ಚಿಕಿತ್ಸೆಯೊಂದು, ಹೆಚ್ಚಿನ ಪ್ರಮಾಣದಲ್ಲಿ ಪಡೆದವರಲ್ಲಿ, ಮೂರು ವರ್ಷಗಳಲ್ಲಿ ರೋಗದ ಗತಿಯನ್ನು ನೂರಕ್ಕೆ ಎಪ್ಪತ್ತೈದರಷ್ಟು ನಿಧಾನಗೊಳಿಸಿತೆಂದು ಅದನ್ನು ತಯಾರಿಸಿದವರು ಪ್ರಕಟಿಸಿದರು. ಮೂರು ವರ್ಷ ಪೂರೈಸಿದ್ದವರು ಹನ್ನೆರಡೇ ಮಂದಿ. ಹೋಲಿಸಿದ್ದು ಚಿಕಿತ್ಸೆ ಪಡೆಯದ ಬೇರೆ ರೋಗಿಗಳ ದಾಖಲೆಗಳೊಡನೆ. ಆದ್ದರಿಂದ ಸಂತೋಷವನ್ನು ಸ್ವಲ್ಪ ಅಳತೆಯಿಂದ ಪಡುವುದೇ ಲೇಸು. ಆದರೂ 1872ರಿಂದ ಕಾದಿದ್ದವರಿಗೆ ಹನ್ನೆರಡೂ ಒಂದು ಸಂಖ್ಯೆಯೇ.

ಇದರ ಬೆಲೆಯ ಲೆಕ್ಕ ಇನ್ನೊಂದು. ನರಶಸ್ತ್ರಚಿಕಿತ್ಸೆಯ ದೊಡ್ಡ ಆಸ್ಪತ್ರೆ ಬೇಕಾಗುವ ಇಂತಹ ಚಿಕಿತ್ಸೆ ಮರಕೈಬೊದ ಬೆಸ್ತರ ಗುಡಿಸಲನ್ನು ಎಂದು ತಲುಪೀತು? ಸಂಶೋಧಕರ ವಾರ್ಷಿಕ ಯಾತ್ರೆ 2002ರಲ್ಲಿ ನಿಂತುಹೋಯಿತು. ತರುವಾಯ ದೇಶವೇ ಆರ್ಥಿಕ ಸಂಕಟಕ್ಕೆ ಸಿಲುಕಿತು. ರೋಗಿಗಳಿಗೆ ಔಷಧವಿರಲಿ, ಊಟಕ್ಕೂ ತತ್ವಾರವಾಯಿತು. ಈ ರೋಗದಲ್ಲಿ ಮೈ ಸದಾ ಕುಣಿಯುವುದರಿಂದ ಇತರರಿಗಿಂತ ಹೆಚ್ಚು ಆಹಾರ ಬೇಕು. ಜಗತ್ತಿನ ಎಲ್ಲ ಪರೀಕ್ಷೆಗಳೂ ಯಾರ ರಕ್ತದಿಂದ ಹುಟ್ಟಿದ್ದವೋ ಅವರಿಗೆ ಒಂದು ಹೊತ್ತಿನ ಗಂಜಿ ಸಾಲದಾದದ್ದು ವಿಜ್ಞಾನದ ಇತಿಹಾಸದಲ್ಲಿ ಹೆಮ್ಮೆಯಿಂದ ಬರೆಯುವ ಪುಟವಲ್ಲ. 2017ರ ಮೇ ತಿಂಗಳಲ್ಲಿ ಆ ಕಡೆಯ ಕೆಲವು ಕುಟುಂಬಗಳು ರೋಮಿಗೆ ಹೋದವು. ಪೋಪ್ ಫ್ರಾನ್ಸಿಸ್ ಅವರನ್ನು ಎದುರುಗೊಂಡು, ಈ ರೋಗವನ್ನು ಇನ್ನು ಬಚ್ಚಿಡುವುದು ಬೇಡವೆಂದರು. ತೂರಾಡುತ್ತ ನಡೆದವರನ್ನು ಅಂದು ಯಾರೂ ಕುಡುಕರೆನ್ನಲಿಲ್ಲ.

ನ್ಯಾನ್ಸಿಯ ನಡಿಗೆ ಬದಲಾಗುತ್ತಿರುವುದನ್ನು ಹತ್ತಿರದವರು ಕೆಲವು ಕಾಲದಿಂದ ಗಮನಿಸುತ್ತಿದ್ದರು, ಯಾರೂ ಬಾಯಿಬಿಟ್ಟಿರಲಿಲ್ಲ. 2020ರ ಮಾರ್ಚಿಯಲ್ಲಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ತನಗೂ ತಾಯಿಯ ರೋಗವೇ ಬಂದಿದೆಯೆಂದು ಆಕೆ ಪತ್ರಿಕೆಯ ಮೂಲಕ ಎಲ್ಲರಿಗೂ ತಿಳಿಸಿದಳು.